ರಜೆಯಲ್ಲಿ ಮಗನನ್ನು ಫೋನ್ ಇಲ್ಲದೆ ಊರಲ್ಲಿ ಬಿಟ್ಟರೆ ನಮ್ಮ ಬಾಲ್ಯ ಅವನಿಗೂ ಸಿಗುತ್ತದೆಯೇ?

ಸಿಗುವುದಿಲ್ಲ. ನಾನು ಮಾಡಿ ನೋಡಿದ್ದೇನೆ. ‘ಕುಂಬಳೆಯ ಅಜ್ಜಿ ಮನೆ, ಎರಡು ತಿಂಗಳು, ಮೊಬೈಲ್ ಬಂದ್’ ಅಂತ ನೀವು ಬರೆದದ್ದು ಓದಿ ನನ್ನದೇ ಹಳೇ ಪ್ಲಾನ್ ನೆನಪಾಯಿತು.

ನಮ್ಮೂರೂ ಅದೇ ಕಾಸರಗೋಡು ಕಡೆ, ಪೆರ್ಲದ ಹತ್ತಿರ. ನಾವಿರುವುದು ಮಂಗಳೂರಿನ ಫ್ಲಾಟಿನಲ್ಲಿ. 2022ರ ಏಪ್ರಿಲ್, ಮಗನಿಗೆ 13 ವರ್ಷ. ಆನ್‌ಲೈನ್ ಕ್ಲಾಸಿಗೆ ಅಂತ ನಾವೇ ಕೈಗೆ ಫೋನ್ ಕೊಟ್ಟಿದ್ದೆವು. ಈಗ ಬಿಡಿಸಬೇಕು ಅಂತ ನಮಗೇ ಆತುರ. ಊರಿಗೆ ಮುಟ್ಟಿದ ಸಂಜೆಯೇ ಫೋನ್ ಇಸ್ಕೊಂಡು ಅಮ್ಮನ ಗೋದ್ರೇಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ‘ಶಾಲೆ ಶುರುವಾಗುವವರೆಗೆ ಇದರ ಸುದ್ದಿ ಎತ್ತಬೇಡ’ ಅಂದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಕೈ ಅಡ್ಡ ಹಿಡಿದೆ.

ನನ್ನ ತಲೆಯಲ್ಲಿ ಇದ್ದದ್ದು ನನ್ನ ಗುಡ್ಡೆ. ನಾನು 1979ರವನು. ನಾಲ್ಕು ಮನೆ ಸೇರಿ 11 ಮಕ್ಕಳು. ಗುಡ್ಡೆ ತುಂಬ ಗೇರು ಮರ. ಬೀಜ ಹೆಕ್ಕುವುದು, ಅದರಲ್ಲಿ ಒಂದಿಷ್ಟು ದೊಡ್ಡವರ ಲೆಕ್ಕಕ್ಕೆ ಸಿಗದ ಹಾಗೆ ಅಂಗಡಿಗೆ ಹಾಕಿ ಏಪ್ರಿಲ್ ಮಧ್ಯದ ವಿಷು ಹಬ್ಬಕ್ಕೆ ಪಟಾಕಿ ತರುವುದು. ಉಳಿದ ಹೊತ್ತು ಅಡಿಕೆ ಹಾಳೆ. ಒಬ್ಬ ಹಾಳೆ ಮೇಲೆ ಕೂರುವುದು, ಇಬ್ಬರು ಅದರ ತುದಿ ಹಿಡಿದು ಗುಡ್ಡೆಯ ಇಳಿಜಾರಿನಲ್ಲಿ ಎಳೆಯುವುದು. ಚಡ್ಡಿ ಹಿಂದೆ ತೂತು, ಮನೆಯಲ್ಲಿ ಪೆಟ್ಟು, ಮರುದಿನ ಮತ್ತೆ ಹಾಳೆ.

ಈಗ ಆ ಗುಡ್ಡೆಯಲ್ಲಿ ರಬ್ಬರ್. ನಾಲ್ಕು ಮನೆಯಲ್ಲಿ ಒಂದಕ್ಕೆ ಬೀಗ, ಒಂದರಲ್ಲಿ ಇಬ್ಬರೇ ಮುದುಕರು ಮತ್ತು ಸಿಸಿ ಕ್ಯಾಮೆರಾ. ಮೂರನೆಯ ಮನೆಯ ಹುಡುಗನನ್ನು ಬೆಳಗ್ಗೆ ವ್ಯಾನ್ ಬಂದು ಸಮ್ಮರ್ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿತ್ತು. ಉಳಿದದ್ದು ನಮ್ಮದು. ನನ್ನ ಮಗ ಯಾರ ಜೊತೆ ಆಡಬೇಕಿತ್ತು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಮೂರನೇ ದಿನ ನಾನೇ ಹಾಳೆ ತಂದೆ. ‘ಕೂತ್ಕೋ, ಎಳೀತೇನೆ’ ಅಂದೆ. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಕೂತ. ಆ ಹೊತ್ತಿಗೆ ಅವನ ಕಾಲು ಎಷ್ಟು ಉದ್ದ ಬೆಳೆದಿತ್ತು ಅಂದರೆ, ಹಿಮ್ಮಡಿ ಎರಡೂ ಅಂಗಳದಲ್ಲಿ ಗೆರೆ ಎಳೆಯುತ್ತಿದ್ದವು. ಹೆಂಡತಿ ನನ್ನ ಫೋನಿನಲ್ಲಿ ವಿಡಿಯೋ ಮಾಡಿದಳು. ‘ನಮ್ಮ ಕಾಲದ ಬಾಲ್ಯ’ ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಹೌದು, ಅವನ ಫೋನ್ ಕಪಾಟಿನಲ್ಲಿ, ನನ್ನದು ಕೈಯಲ್ಲಿ. ಯಾರೆಲ್ಲ ನೋಡಿದರು ಅಂತ ರಾತ್ರಿಯವರೆಗೆ ನೋಡುತ್ತಾ ಕೂತಿದ್ದೆ.

ಜಗಲಿಯಲ್ಲಿದ್ದ ಅಪ್ಪ ಎಲ್ಲ ನೋಡಿ ಒಂದೇ ಮಾತು ಹೇಳಿದರು. ‘ನಿನಗೆ ಅದು ಆಟ ಮಾರಾಯ. ನಾನು ಅದರಲ್ಲಿ ಸುರಂಗದ ಮಣ್ಣು ಎಳೆದವ.’ ಅಪ್ಪ 1948ರವರು. 1956ರ ನವೆಂಬರ್ 1ಕ್ಕೆ, ಎಂಟು ವರ್ಷದ ಹುಡುಗ, ಮನೆ ಇದ್ದಲ್ಲೇ ಇದ್ದು, ರಾಜ್ಯದ ಗಡಿ ಬದಲಾಗಿ, ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಬಂದವರು. (ಅದು ಬೇರೆಯೇ ಕಥೆ, ಈಗ ಬೇಡ.) ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡ ಸುರಂಗ ಕೊರೆಯುತ್ತಿದ್ದ ಕಾಲ. ದೊಡ್ಡವರು ಒಳಗೆ ಅಗೆದರೆ, ಬುಟ್ಟಿ ಸಾಲದಾಗ ಹಾಳೆಯಲ್ಲಿ ಮಣ್ಣು ತುಂಬಿಸಿ ಹೊರಗೆ ಎಳೆಯುವುದು ಇವರ ಕೆಲಸವಂತೆ. ಮುಂದೆ ನಾವು ಪಕ್ಕದ ಮನೆಯ ಟಿವಿ ಮುಂದೆ ಕೂತಾಗ ‘ಕಣ್ಣು ಹೋಗ್ತದೆ, ಬುದ್ಧಿಯೂ ಹೋಗ್ತದೆ’ ಅಂತ ಬೈದವರೂ ಇವರೇ.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗನ ಕೈಯಿಂದ ಫೋನ್ ಇಸ್ಕೊಂಡದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಆ ಫೋನಿನ ಆಚೆ ಬದಿ ಯಾರಿದ್ದಾರೆ ಅಂತ ಕೇಳಲಿಲ್ಲ ನೋಡಿ, ಅದು. ನಮ್ಮ ಫ್ಲಾಟಿನ ಕೆಳಗಿನ ಮನೆಯ ಹುಡುಗನೊಬ್ಬ ಇದ್ದ, ಒಂದನೇ ಕ್ಲಾಸಿನಿಂದ ಜೊತೆ. ಆ ಹುಡುಗನ ಅಪ್ಪನಿಗೆ ದೋಹಾದಲ್ಲಿ ಕೆಲಸ ಸಿಕ್ಕಿ ಹಿಂದಿನ ವರ್ಷ ಹೋಗಿದ್ದರು. ದಿನಾ ರಾತ್ರಿ ಏಳಕ್ಕೆ, ಅಲ್ಲಿ ಸಂಜೆ ನಾಲ್ಕೂವರೆ, ಇಬ್ಬರೂ ಗೇಮ್ ಆಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಗೇಮ್ ಮಾತ್ರ. ಐದು ವಾರ ಬರುವುದಿಲ್ಲ ಅಂತ ಒಂದು ಮೆಸೇಜ್ ಹಾಕಲು ಅವನಿಗೆ ಅರ್ಧ ನಿಮಿಷ ಸಾಕಿತ್ತು. ಆ ದಿನ ಬಾಯಿ ತೆರೆದದ್ದು ಅದಕ್ಕೇ. ಗುಡ್ಡೆಯಲ್ಲಿ ನನ್ನ ಜೊತೆ ಆಡುತ್ತಿದ್ದ ಮಕ್ಕಳಲ್ಲಿ ಯಾರನ್ನಾದರೂ ನನ್ನ ಅಪ್ಪ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ನಾನು ಏನು ಮಾಡುತ್ತಿದ್ದೆ?

ಮೇ ಮಧ್ಯದಲ್ಲಿ ಫೋನ್ ಕೊಟ್ಟಾಗ ಅವನ ಹೆಗಲ ಮೇಲಿಂದ ನಾನೂ ಇಣುಕಿದೆ. ‘ಎಲ್ಲಿದ್ದೀ?’ ‘ಬರ್ತೀಯಾ ಇಲ್ವಾ?’ ‘ಸಿಟ್ಟಾ?’ ಕೊನೆಯದು ಬರೀ ‘ಓಕೆ’. ಅದಾಗಿ ಮೂರು ವಾರ ಏನೂ ಇಲ್ಲ. ಆ ಹುಡುಗ ಅಲ್ಲಿ ಬೇರೆ ಟೀಮ್ ಸೇರಿದ್ದ. ಮಗ ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಫೋನನ್ನು ಚಾರ್ಜಿಗಿಟ್ಟು ಊಟಕ್ಕೆ ಬಂದ. ಅಲ್ಲಿಂದ ಈಚೆಗೆ ನನ್ನ ಹತ್ತಿರ ಸ್ನೇಹಿತರ ಹೆಸರು ಹೇಳುವುದಿಲ್ಲ. ಕೇಳಿದರೆ ‘ಹೀಗೇ, ಕ್ಲಾಸಿನವರು’ ಅನ್ನುತ್ತಾನೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನಮ್ಮ ಬಾಲ್ಯ ಅಜ್ಜಿ ಮನೆಯ ಅಟ್ಟದಲ್ಲಿ ಕೂತಿಲ್ಲ, ಮಗನಿಗೆ ಇಳಿಸಿ ಕೊಡಲಿಕ್ಕೆ. ಒಂದಷ್ಟು ಮಕ್ಕಳು, ನಮ್ಮನ್ನು ನೋಡಲು ಪುರುಸೊತ್ತಿಲ್ಲದ ದೊಡ್ಡವರು, ಇಷ್ಟೇ ಅಲ್ವಾ ಇದ್ದದ್ದು? ಎರಡೂ ಇಲ್ಲದ ಮನೆಯಲ್ಲಿ ಒಬ್ಬನನ್ನೇ ಎರಡು ತಿಂಗಳು ಕೂರಿಸುವುದು ಶಿಕ್ಷೆ. ಎರಡು ವಾರ ಸಾಕು. ಅವನ ಕ್ಲಾಸಿನ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಖರ್ಚು ಜಾಸ್ತಿ ಆದರೆ ಆಗಲಿ. ಸಂಜೆ ಒಂದು ಗಂಟೆ ಫೋನ್ ಕೊಡಿ. ನಿಮ್ಮ ಫೋನನ್ನೂ ಆ ಒಂದು ಗಂಟೆಗೇ ಇಟ್ಟುಕೊಳ್ಳಿ, ಆಮೇಲೆ ಮಾತಾಡೋಣ. ಹಾಳೆ ಎಳೆಯಲು ನೀವು ಹೋಗಬೇಡಿ, ಒಳಗೆ ಸುಮ್ನೆ ಮಲಗಿ.

ಹೋಗುವುದಾದರೆ ವಿಷುವಿಗೆ ಮೊದಲೇ ಹೋಗಿ, ಗೇರುಹಣ್ಣು ಧಾರಾಳ ಇರುತ್ತದೆ. ಅದರ ರಸ ಬಿದ್ದರೆ ಕಲೆ ಹೋಗುವುದಿಲ್ಲ. ಹಳೇ ಅಂಗಿ ಹಾಕಿಸಿ.