ಕುಂಡದ, ಪಾತಿಯ ಮಣ್ಣಿನ ಮೇಲೆ ಯಾವ ಹೊದಿಕೆ (ಮಲ್ಚ್) ಹಾಕಬೇಕು? ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಹೊದಿಸಿದ ಮೇಲೆ ಟೊಮೆಟೊ ಎಲೆ ಹಳದಿಯಾಗಿದ್ದೇಕೆ?

ಮೊದಲು ಹಳದಿ ಎಲೆಯ ವಿಷಯ. ಗೊಬ್ಬರ ಸಾಲದೆ ಹೀಗಾಯಿತೇನೋ ಎಂದು ಬರೆದಿದ್ದೀರಿ. ಹೊದಿಸಿದ ಮೇಲೂ ಮುಂಚಿನಂತೆ ದಿನಾ ಬೆಳಿಗ್ಗೆ ನೀರು ಹಾಕುತ್ತಿದ್ದೇನೆ ಎಂದೂ ಬರೆದಿದ್ದೀರಿ. ನನ್ನ ಅನುಮಾನ ನೀರಿನ ಮೇಲೆಯೇ. ಕೊಕೊಪಿಟ್‌ನ ಮೇಲ್ಮೈ ಬಿಸಿಲಿಗೆ ಒಂದೇ ಗಂಟೆಯಲ್ಲಿ ಒಣಗಿ ಬೆಳ್ಳಗೆ ಕಾಣುತ್ತದೆ, ಕೆಳಗಿನ ಮಣ್ಣು ಮಾತ್ರ ಹಸಿಯಾಗಿಯೇ ಇರುತ್ತದೆ. ಬೇರಿಗೆ ಗಾಳಿ ಸಿಗದೆ ಬುಡದ ಎಲೆಗಳು ಮೊದಲು ಹಳದಿಯಾಗುತ್ತವೆ. ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ ಅನುಮಾನವೇ ಬೇಡ. ಕೊಕೊಪಿಟ್ ಪೂರ್ತಿ ತೆಗೆದು, ಕುಂಡದ ತಳದ ತೂತು ಕಟ್ಟಿದೆಯೇ ನೋಡಿ, ಮೇಲಿನ ಒಂದೂವರೆ ಇಂಚು ಮಣ್ಣು ಒಣಗುವವರೆಗೆ ನೀರು ನಿಲ್ಲಿಸಿ. ಕೊಕೊಪಿಟ್ ಮಣ್ಣಿನ ಜೊತೆ ಬೆರೆಸಲು ಒಳ್ಳೆಯದು, ಹೊದಿಸಲು ಅಲ್ಲ: ತುಂತುರು ಮಳೆಯನ್ನೆಲ್ಲ ತಾನೇ ಕುಡಿದುಬಿಡುತ್ತದೆ, ಒಣಗಿದರೆ ತಾರಸಿ ತುಂಬ ಹಾರುತ್ತದೆ.

ಹೊದಿಕೆಗೆ ಬೆಂಗಳೂರಿನಲ್ಲಿ ಒಣ ಎಲೆಗಿಂತ ಒಳ್ಳೆಯದು ಇಲ್ಲ. ಚಳಿಗಾಲದ ಕೊನೆಯಿಂದ ಮಾರ್ಚ್‌ವರೆಗೆ ಬೀದಿಗಳಲ್ಲೇ ರಾಶಿ ಬಿದ್ದಿರುತ್ತದೆ. ಮಳೆಮರ, ಗುಲ್‌ಮೊಹರ್, ಹೊಂಗೆ ಸಿಕ್ಕಿದರೆ ಬಿಡಬೇಡಿ. ಮೊದಲೆರಡರ ಎಲೆ ಪುಟ್ಟದು, ಒತ್ತಾಗಿ ಕೂರುತ್ತದೆ, ಬೇಗ ಕಳಿಯುತ್ತದೆ. ಹೊಂಗೆ ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ಮಾವು, ಹಲಸಿನ ದಪ್ಪ ಎಲೆಯನ್ನು ಹಾಗೇ ಹಾಕಿದರೆ ಹಂಚು ಜೋಡಿಸಿದಂತೆ ಕೂತು ನೀರು ಪಕ್ಕಕ್ಕೆ ಜಾರಿಹೋಗುತ್ತದೆ. ಗೋಣಿಚೀಲಕ್ಕೆ ತುಂಬಿ ಕಾಲಲ್ಲಿ ತುಳಿದು ಪುಡಿಮಾಡಿಕೊಳ್ಳಿ. ನೀಲಗಿರಿ ಎಲೆ ಎಳೆಯ ಸಸಿಗಳಿಗೆ ಬೇಡ. ಬೀದಿಯಿಂದ ತಂದಿದ್ದನ್ನು ಹರಡಿ ಗಾಜು, ಪ್ಲಾಸ್ಟಿಕ್, ಬೀಜ ಬಿಟ್ಟ ಪಾರ್ಥೇನಿಯಂ, ಗರಿಕೆ ಬೇರು ಆರಿಸಿ ತೆಗೆಯಿರಿ. ಗರಿಕೆಯ ಒಂದು ತುಂಡು ಉಳಿದರೂ ಪಾತಿ ತುಂಬ ಹಬ್ಬುತ್ತದೆ.

ಹಾಕುವ ಕ್ರಮ ಹೀಗೆ. ಕಳೆ ಕಿತ್ತು, ಒಂದು ಹಿಡಿ ಕಾಂಪೋಸ್ಟ್ ಹಾಕಿ, ತಳದಿಂದ ನೀರು ಇಳಿಯುವಷ್ಟು ಹನಿಸಿ, ಆಮೇಲೆ ಹೊದಿಸಿ. ಒಣ ಮಣ್ಣಿನ ಮೇಲೆ ಹೊದಿಸಿದರೆ ಒಣಗಿದ್ದು ಒಣಗಿಯೇ ಇರುತ್ತದೆ. ನೆಲದ ಪಾತಿಗೆ 3 ಇಂಚು, ಕುಂಡಕ್ಕೆ ಒಂದೂವರೆಯಿಂದ 2 ಇಂಚು ಸಾಕು. 10 ಚದರ ಅಡಿಗೆ 3 ಇಂಚು ದಪ್ಪ ಬೇಕೆಂದರೆ ಸುಮಾರು ಎರಡು ಸಿಮೆಂಟ್ ಚೀಲದಷ್ಟು ಎಲೆ. ಕೆಲವೇ ವಾರದಲ್ಲಿ ಅದು ಕುಗ್ಗುತ್ತದೆ, ಮತ್ತೆ ಸೇರಿಸಬೇಕು. ಕಾಂಡದಿಂದ 2 ಇಂಚು ಬಿಡಿ, ಮರವಾದರೆ ಅರ್ಧ ಅಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಕಾಂಡಕ್ಕೆ ಒತ್ತಿಟ್ಟರೆ ತೊಗಟೆ ಕೊಳೆಯುತ್ತದೆ. ಬೀಜ ಬಿತ್ತಿದ ಜಾಗಕ್ಕೆ ಸಸಿ ಅರ್ಧ ಅಡಿ ಎತ್ತರ ಬರುವವರೆಗೆ ಹೊದಿಕೆ ಬೇಡ. ಇನ್ನು ನೀರು ಹಾಕುವ ಮುನ್ನ ಹೊದಿಕೆ ಸರಿಸಿ ಬೆರಳು ಎರಡು ಗೆಣ್ಣು ಇಳಿಸಿ. ತೇವ ತಗುಲಿದರೆ ಆ ದಿನ ನೀರು ಬೇಡ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತ್ತಲ್ಲ, ಅಂಥ ಬೇಸಿಗೆಯಲ್ಲಿ ತೋಟ ಉಳಿಸುವುದು ಈ ಹೊದಿಕೆಯೇ.

ತೆಂಗಿನ ಸಿಪ್ಪೆಯ ತುಂಡು ಸಹ ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಉಪ್ಪಿನಂಶವಿದೆ. ರಾತ್ರಿಯಿಡೀ ನೆನೆಸಿ, ಕಂದು ನೀರು ತಿಳಿಯಾಗುವವರೆಗೆ ಬದಲಿಸಿ. ಮರದ ಪುಡಿಯನ್ನು ಮಣ್ಣಿಗೆ ಬೆರೆಸಬೇಡಿ, ಅದು ಕಳಿಯುವಾಗ ಗಿಡದ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಬಿಳಿ ಕಲ್ಲು ಕ್ಯಾಕ್ಟಸ್, ಅಡೀನಿಯಂಗೆ ಸರಿ, ತರಕಾರಿಗೆ ವ್ಯರ್ಥ. ಹಸಿ ತರಕಾರಿ ಸಿಪ್ಪೆಯನ್ನು ಮೇಲೆ ಹರಡಿದರೆ ಇಲಿ, ನೊಣ ಬರುತ್ತವೆ.

ಎಲೆಗಳ ನಡುವೆ ಬಿಳಿ ನೂಲಿನಂಥ ಶಿಲೀಂಧ್ರ ಕಂಡರೆ ಔಷಧ ಹೊಡೆಯಬೇಡಿ, ಎಲೆ ಕೊಳೆಸುವ ಕೆಲಸ ಅದರದ್ದೇ. ಗೆದ್ದಲಿನ ಭಯವಿದ್ದರೆ ಮನೆ ಗೋಡೆಯಿಂದ ಒಂದು ಅಡಿ ಬಿಟ್ಟು ಹೊದಿಸಿ. ನಿಜವಾದ ತಲೆನೋವು ಮಳೆಗಾಲದ ದೊಡ್ಡ ಆಫ್ರಿಕನ್ ಬಸವನಹುಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಪಾತಿಯ ಹೊದಿಕೆಯನ್ನು 1 ಇಂಚಿಗೆ ಇಳಿಸಿ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆಯಿಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಸೇರಿರುತ್ತವೆ. ಕೈಗೆ ಗ್ಲೌಸ್ ಹಾಕಿಕೊಂಡು ಆರಿಸಿ ಬಕೆಟ್ಟಿನ ಉಪ್ಪುನೀರಿಗೆ ಹಾಕಿ. ಪಾತಿಯ ಮೇಲೆ ಮಾತ್ರ ಉಪ್ಪು ಎರಚಬೇಡಿ, ಮಣ್ಣು ಕೆಡುತ್ತದೆ.