ಅಳುತ್ತಾ ಅಳುತ್ತಾ ಮಗು ನೀಲಿಗಟ್ಟುತ್ತದೆ, ಇದು ಫಿಟ್ಸಾ?

ಪ್ರಶ್ನೆ: ಮೇಡಂ, ನಮ್ಮ ಮಗನಿಗೆ ಈಗ ಒಂದು ವರ್ಷ ನಾಲ್ಕು ತಿಂಗಳು. ಈಚೆಗೆ ಒಂದು ವಿಚಿತ್ರ ಶುರುವಾಗಿದೆ. ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡರೆ, ಇಲ್ಲಾ ಬಿದ್ದು ಪೆಟ್ಟಾದರೆ, ಜೋರಾಗಿ ಒಂದೆರಡು ಸಲ ಅಳುತ್ತಾನೆ, ಆಮೇಲೆ ಬಾಯಿ ತೆರೆದೇ ಇರುತ್ತದೆ, ಸದ್ದೇ ಬರುವುದಿಲ್ಲ. ತುಟಿ ನೀಲಿಯಾಗಿ, ಕಣ್ಣು ಮೇಲಕ್ಕೆ ಹೋಗಿ, ಕೈಕಾಲು ಸೆಟೆದು, ಕೊನೆಗೆ ಮೈಯೆಲ್ಲ ಸಡಿಲವಾಗಿ ಜೋತುಬೀಳುತ್ತಾನೆ. ಅರ್ಧ ನಿಮಿಷದಲ್ಲಿ ತಾನೇ ಉಸಿರೆಳೆದುಕೊಂಡು, ಸ್ವಲ್ಪ ಹೊತ್ತು ಮಂಕಾಗಿದ್ದು, ಮತ್ತೆ ಆಡಲು ಹೋಗುತ್ತಾನೆ. ಅಷ್ಟರಲ್ಲಿ ನಮ್ಮ ಜೀವ ಹೋಗಿ ಬಂದಿರುತ್ತದೆ. ಅತ್ತೆಯವರು ಬಾಲಗ್ರಹ ಅಂತ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುತ್ತಾರೆ. ತಾಯಿತವನ್ನೂ ಕಟ್ಟಿಸಿದ್ದಾಯಿತು. ಊರಿನ ಡಾಕ್ಟರು ಫಿಟ್ಸ್ ಇರಬಹುದು ಅಂದರು. ಪೇಟೆಯಲ್ಲಿ ಇಇಜಿ (ಮೆದುಳಿನ ಕರೆಂಟ್ ನೋಡುವ ಪರೀಕ್ಷೆ) ಮಾಡಿಸಿದೆವು, ನಾರ್ಮಲ್ ಬಂತು. ಆದರೂ ಫಿಟ್ಸ್ ಸಿರಪ್ ಬರೆದುಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಇವನನ್ನು ಅಳಿಸಲೇಬೇಡ ಅಂತ ಮನೆಯಲ್ಲಿ ಎಲ್ಲರೂ ನನ್ನ ಮೇಲೆ ಬೀಳುತ್ತಾರೆ. ಇದರಿಂದ ಮೆದುಳಿಗೆ ಏನಾದರೂ ಆಗುತ್ತದೆಯೇ? ಊಟ ಮಾತ್ರ ಮುಟ್ಟುವುದಿಲ್ಲ, ದಿನಕ್ಕೆ ಐದು ಬಾಟಲಿ ಹಸುವಿನ ಹಾಲು ಬೇಕು. ಅಂಗಳದ ಮಣ್ಣು, ಗೋಡೆಯ ಸುಣ್ಣ ಕೆರೆದು ತಿನ್ನುತ್ತಾನೆ, ಎಷ್ಟು ಹೇಳಿದರೂ ಕೇಳುವುದಿಲ್ಲ.
– ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸುಮ್ನೆ ಕೊನೆಯಲ್ಲಿ ಸೇರಿಸಿದ್ದೀರಲ್ಲ, ಹಾಲಿನ ಮಾತು, ಮಣ್ಣಿನ ಮಾತು, ಅಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಭಯದ ವಿಷಯ ಮುಗಿಸೋಣ.

ನೀವು ಬರೆದಿರುವ ರೀತಿ ನೋಡಿದರೆ ಇದು ಫಿಟ್ಸ್ ಅನ್ನಿಸುವುದಿಲ್ಲ. ಅಳುವಾಗ ಉಸಿರು ಕಟ್ಟುವುದು ಅನ್ನುತ್ತೇವಲ್ಲ, ಅದು. ಆರು ತಿಂಗಳಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಬರುತ್ತದೆ, ಒಂದರಿಂದ ಎರಡು ವರ್ಷದ ನಡುವೆ ಜಾಸ್ತಿ. ಮಗು ಅಳುತ್ತಾ ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟುಬಿಡುತ್ತದೆ, ಮತ್ತೆ ಒಳಗೆ ಎಳೆದುಕೊಳ್ಳುವ ಹೊತ್ತಿಗೆ ಅಲ್ಲೇ ತಡೆದುಬಿಡುತ್ತದೆ. ಹಟಕ್ಕೆ ಬೇಕಂತಲೇ ಉಸಿರು ಹಿಡಿಯುತ್ತಾನೆ ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಇದು ಮಗುವಿನ ಕೈಯಲ್ಲಿಲ್ಲ, ನರಗಳು ತಾವಾಗಿಯೇ ಮಾಡುವ ಕೆಲಸ. ಪ್ರಜ್ಞೆ ತಪ್ಪಿದ ಮೇಲೆ ಉಸಿರು ತಾನಾಗಿಯೇ ವಾಪಸ್ ಬರುತ್ತದೆ. ಮೆದುಳಿಗೆ ಏನೂ ಆಗುವುದಿಲ್ಲ, ಮುಂದೆ ಓದಿಗೂ ತೊಂದರೆಯಿಲ್ಲ. ಹೆಚ್ಚಿನ ಮಕ್ಕಳಲ್ಲಿ ಐದಾರು ವರ್ಷದ ಹೊತ್ತಿಗೆ ತಾನೇ ನಿಂತುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದೇ ಆಗಿರುತ್ತದೆ. ನಿಮ್ಮ ಯಜಮಾನರು ಮಗುವಾಗಿದ್ದಾಗ ಹೇಗಿದ್ದರು ಅಂತ ಅತ್ತೆಯವರನ್ನೇ ಒಮ್ಮೆ ಕೇಳಿ ನೋಡಿ.

ಫಿಟ್ಸ್‌ಗೂ ಇದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಮೊದಲು ಏನಾಯಿತು, ಆಮೇಲೆ ಏನಾಯಿತು ಅಂತ ನೋಡಬೇಕು. ನಿಮ್ಮ ಮಗನಿಗೆ ಪ್ರತಿ ಸಲವೂ ಮೊದಲು ಒಂದು ಕಾರಣ ಇದೆ, ನಂತರ ಅಳು, ನಂತರ ನೀಲಿ, ಸೆಟೆಯುವುದು ಎಲ್ಲಕ್ಕಿಂತ ಕೊನೆಗೆ. ಫಿಟ್ಸ್‌ನಲ್ಲಿ ಮಗು ಮಲಗಿದ್ದಾಗಲೂ ಬರಬಹುದು, ಸುಮ್ಮನೆ ಆಡುತ್ತಿದ್ದಾಗಲೂ ಬರಬಹುದು, ಕಾರಣ ಕಾಣುವುದಿಲ್ಲ, ಕೈಕಾಲು ಅದುರುವುದು ಮೊದಲು, ನೀಲಿಯಾಗುವುದು ಆಮೇಲೆ. ಉಸಿರು ಕಟ್ಟಿದಾಗಲೂ ಕೊನೆಯಲ್ಲಿ ಒಂದೆರಡು ಸಲ ಜರ್ಕ್ ಬರಬಹುದು. ಮೆದುಳಿಗೆ ಆ ಕ್ಷಣ ಆಮ್ಲಜನಕ ಕಡಿಮೆಯಾಗಿದ್ದಕ್ಕೆ ಅದು, ಮೂರ್ಛೆರೋಗವಲ್ಲ. ಆದರೆ ತಂದೆತಾಯಿ ಗಾಬರಿಯಲ್ಲಿ ಡಾಕ್ಟರ ಮುಂದೆ ಆ ಕೊನೆಯ ಭಾಗವನ್ನಷ್ಟೇ ಹೇಳುತ್ತಾರೆ. ಅವರು ಕೇಳಿದಷ್ಟನ್ನು ನಂಬಿ ಬರೆದುಕೊಡುತ್ತಾರೆ. ಮೊಬೈಲ್ ಕಿತ್ತುಕೊಂಡಾಗಲೇ ಶುರುವಾಗುತ್ತದೆ ಅಂದಿರಲ್ಲ, ಅದೇ ಮೊಬೈಲಿನಲ್ಲಿ ಮನೆಯವರು ಯಾರಾದರೂ ಒಂದು ಸಲ ವಿಡಿಯೊ ಮಾಡಲಿ. ಅಳು ಶುರುವಾದಾಗಿಂದಲೇ ಮಾಡಬೇಕು. ಆ ವಿಡಿಯೊ ಹಿಡಿದು ಮಕ್ಕಳ ತಜ್ಞರ ಹತ್ತಿರ ಹೋಗಿ, ಸಿರಪ್ ಬೇಕೋ ಬೇಡವೋ ಅಂತ ಅವರು ನೋಡಿ ಹೇಳಲಿ. (ಇದನ್ನು ಓದುವ ಬೇರೆ ಯಾರಾದರೂ ಈಗಾಗಲೇ ಫಿಟ್ಸ್ ಔಷಧಿ ಕೊಡುತ್ತಿದ್ದರೆ ನನ್ನ ಮಾತು ಕೇಳಿ ದಿಢೀರನೆ ನಿಲ್ಲಿಸಬೇಡಿ, ಅದು ಅಪಾಯ.)

ಈಗ ಹಾಲು ಮತ್ತು ಮಣ್ಣು. ಮಣ್ಣು, ಸುಣ್ಣ, ಬಳಪ ತಿನ್ನುವ ಮಗು ಅಂದರೆ ನನಗೆ ಮೊದಲು ನೆನಪಾಗುವುದು ಕಬ್ಬಿಣಾಂಶದ ಕೊರತೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 8 ಮಿಲಿಗ್ರಾಂ ಕಬ್ಬಿಣ ಬೇಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಮೇಲಿಂದ ಹಾಲಿನಲ್ಲಿರುವ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ಐದು ಬಾಟಲಿ ಕುಡಿದವನಿಗೆ ಊಟ ಯಾಕೆ ಬೇಕು ಹೇಳಿ? ಊಟ ಮಾಡಲ್ಲ ಅಂತ ಹಾಲು ಕೊಡುತ್ತೀರಿ, ಹಾಲು ಕುಡಿದು ಊಟ ಬಿಡುತ್ತಾನೆ. ಮಗು ಗುಂಡುಗುಂಡಾಗಿಯೇ ಇರುತ್ತದೆ, ಹಾಗಾಗಿ ರಕ್ತ ಕಡಿಮೆ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಸಿಕ್ಕಿತ್ತು. ನಿಮ್ಮ ಮನೆಯೊಂದರ ಕಥೆಯಲ್ಲ ಇದು.

ಕಬ್ಬಿಣ ಕಡಿಮೆಯಿದ್ದರೆ ಈ ಉಸಿರು ಕಟ್ಟುವುದು ಜಾಸ್ತಿಯಾಗುತ್ತದೆ. ಕಬ್ಬಿಣದ ಸಿರಪ್ ಕೊಟ್ಟರೆ ಬಹಳಷ್ಟು ಮಕ್ಕಳಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಪೂರ್ತಿ ನಿಂತೇ ಹೋಗುತ್ತದೆ. ಅತ್ತೆಯವರಿಗೆ ಹೀಗೆ ಹೇಳಿ: ಕಬ್ಬಿಣ ಬೇಕು ಅನ್ನುವುದು ಸರಿಯೇ ಅತ್ತೆ, ಆದರೆ ಅದು ಹೋಗಬೇಕಾದದ್ದು ಹೊಟ್ಟೆಗೆ, ಕೈಗಲ್ಲ. ತಾಯಿತ ಇದ್ದರೆ ಇರಲಿ. ಮಗು ಬಾಯಿಗೆ ಹಾಕಿಕೊಳ್ಳದಂತೆ, ದಾರ ಕುತ್ತಿಗೆಗೆ ಬಿಗಿಯದಂತೆ ನೋಡಿಕೊಂಡರೆ ಸಾಕು.

ಒಂದು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ. ಹಿಮೋಗ್ಲೋಬಿನ್ ಸರಿಯಿದ್ದೂ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಅದನ್ನು ಹೇಳುವುದು ಫೆರಿಟಿನ್. ಆಶಾ ಕಾರ್ಯಕರ್ತೆಯರು ಮನೆಗೆ ಕೊಡುವ, ವಾರಕ್ಕೆ ಎರಡು ಸಲ ಒಂದು ಎಂಎಲ್ ಹಾಕುವ ಐಎಫ್ಎ (ಕಬ್ಬಿಣ, ಫೋಲಿಕ್ ಆಮ್ಲದ) ಸಿರಪ್ ಇದೆಯಲ್ಲ, ಅದು ಕೊರತೆ ಬಾರದಿರಲಿ ಅಂತ ಕೊಡುವುದು. ಕೊರತೆ ಆಗಲೇ ಇದ್ದರೆ ಅಷ್ಟು ಸಾಲದು, ಮಗುವಿನ ತೂಕ ನೋಡಿ ಡಾಕ್ಟರು ದಿನಕ್ಕೆ ಇಷ್ಟು ಅಂತ ಬರೆಯುತ್ತಾರೆ, ಸಾಮಾನ್ಯವಾಗಿ ಮೂರು ತಿಂಗಳಾದರೂ ಕೊಡಬೇಕು. ಸಿರಪ್ ಹಾಲಿನ ಜೊತೆ ಬೇಡ, ಸ್ವಲ್ಪ ನಿಂಬೆ ಇಲ್ಲಾ ಮೂಸಂಬಿ ರಸದ ಜೊತೆ ಒಳ್ಳೆಯದು. ಕಕ್ಕ ಕಪ್ಪಗೆ ಬರುತ್ತದೆ, ಹೆದರಬೇಡಿ. ಬಾಟಲಿ ಮಾತ್ರ ಕೈಗೆ ಸಿಗದ ಕಡೆ ಇಡಿ. ಸಿಹಿ ಅಂತ ಮಕ್ಕಳು ಗಟಗಟ ಕುಡಿದು ಪ್ರಾಣಕ್ಕೆ ಬಂದದ್ದುಂಟು. ಮಣ್ಣು ತಿನ್ನುವ ಮಗುವಾದ್ದರಿಂದ ಜಂತುಹುಳದ ಔಷಧಿಯನ್ನೂ ಕೇಳಿ.

ಹಾಲು ದಿನಕ್ಕೆ ಅರ್ಧ ಲೀಟರ್ ದಾಟಬಾರದು, ಅದೂ ಬಾಟಲಿಯಲ್ಲಲ್ಲ, ಲೋಟದಲ್ಲಿ, ಊಟ ಆದ ಮೇಲೆ. ಮೊದಲ ಒಂದು ವಾರ ಮನೆಯಲ್ಲಿ ಗಲಾಟೆ ಇರುತ್ತದೆ, ತಡೆದುಕೊಳ್ಳಿ. ರಾಗಿ ಸರಿ ಕೊಡುತ್ತಿದ್ದೇವೆ, ರಕ್ತ ಹೇಗೆ ಕಡಿಮೆಯಾಗುತ್ತೆ ಅಂತ ಬಹಳ ಜನ ಕೇಳುತ್ತಾರೆ. ರಾಗಿ ಒಳ್ಳೆಯದೇ, ಆದರೆ ಅದರ ದೊಡ್ಡತನ ಇರುವುದು ಕ್ಯಾಲ್ಸಿಯಂನಲ್ಲಿ. ಅದರ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಮೊಳಕೆ ಕಟ್ಟಿ ಹುರಿದು ಪುಡಿ ಮಾಡಿದರೆ ಸ್ವಲ್ಪ ವಾಸಿ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ. ಹುರುಳಿ, ಬೇಳೆ, ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ ಅನ್ನದಲ್ಲಿ ಕಲಸಿ ಕೊಡಿ. ಮಾಂಸ ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಕೋಳಿ, ಕುರಿ ಮಾಂಸ, ಸ್ವಲ್ಪ ಈಲಿ ಕೊಡಿ, ಅದರ ಕಬ್ಬಿಣದಷ್ಟು ಸುಲಭವಾಗಿ ಬೇರೆ ಯಾವುದೂ ಹತ್ತುವುದಿಲ್ಲ.

ಉಸಿರು ಕಟ್ಟಿದಾಗ ಮಗುವನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಅಷ್ಟೇ. ಅಲ್ಲಾಡಿಸಬೇಡಿ, ಬೆನ್ನಿಗೆ ಬಡಿಯಬೇಡಿ, ಬಾಯಿಗೆ ನೀರು, ಚಮಚ, ಬೆರಳು ಹಾಕಬೇಡಿ. ಒಂದು ನಿಮಿಷ ದಾಟಿಯೂ ಉಸಿರು, ಪ್ರಜ್ಞೆ ಬರದಿದ್ದರೆ 108ಕ್ಕೆ ಫೋನ್ ಮಾಡಿ. ಇನ್ನು ಅಳಿಸಲೇಬೇಡ ಅಂತ ಮನೆಯವರು ಹೇಳುವ ಮಾತು. ಅಳದೆ ಬೆಳೆಯುವ ಮಗು ಎಲ್ಲಿದೆ? ಹಸಿವು, ನಿದ್ದೆ ತಪ್ಪದಂತೆ ನೋಡಿಕೊಳ್ಳಿ, ಅರ್ಧ ಅಳು ಅಲ್ಲೇ ಕಡಿಮೆಯಾಗುತ್ತದೆ. ಆದರೆ ಬೇಡ ಅಂದದ್ದು ಬೇಡವೇ. ಉಸಿರು ಕಟ್ಟೀತು ಅಂತ ಹೆದರಿ ಮೊಬೈಲ್ ವಾಪಸ್ ಕೊಟ್ಟರೆ, ನಾಳೆ ಕಾಯಿಲೆ ಹೋದರೂ ಹಟ ಉಳಿಯುತ್ತದೆ.

ಪ್ರಶ್ನೆ: ಏಳು ವರ್ಷದ ಮಗಳು ಶಾಲೆಯಲ್ಲಿ ಓಟದ ಪ್ರಾಕ್ಟೀಸ್ ಮಾಡುವಾಗ ಬಿಳಿಚಿಕೊಂಡು ಬಿದ್ದುಬಿಟ್ಟಳು. ಅತ್ತಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಬೆಳಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ ಅಂತ ಟೀಚರ್ ಹೇಳಿದರು. ಎರಡು ವರ್ಷದ ಹಿಂದೆಯೂ ಒಮ್ಮೆ ಹೀಗೇ ಆಗಿತ್ತು. ಗ್ಲೂಕೋಸ್ ಕೊಟ್ಟರೆ ಸಾಕಲ್ಲವೇ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಸಾಲದು. ಮೇಲಿನ ಮಗುವಿನ ವಿಷಯ ಓದಿ ನೀವೂ ಸಮಾಧಾನ ಮಾಡಿಕೊಳ್ಳಬೇಡಿ, ಇದು ಬೇರೆ. ಓಡುತ್ತಿರುವಾಗಲೇ, ಅಳದೆ, ಪೆಟ್ಟಾಗದೆ ಮಗು ಬಿದ್ದರೆ ಮೊದಲು ಹೃದಯ ನೋಡಬೇಕು. ಹೃದಯದ ಬಡಿತದ ಕರೆಂಟ್ ಹುಟ್ಟಿನಿಂದಲೇ ಏರುಪೇರಾಗುವ ಕಾಯಿಲೆಗಳಿವೆ, ಓಡಿದಾಗ, ಈಜಿದಾಗ, ಗಾಬರಿಯಾದಾಗ ಕೈಕೊಡುತ್ತವೆ, ಉಳಿದ ಹೊತ್ತು ಮಗು ಚೆನ್ನಾಗಿಯೇ ಇರುತ್ತದೆ. ಈ ವಾರವೇ ಒಂದು ಇಸಿಜಿ ಮಾಡಿಸಿ, ಅದರಲ್ಲಿ ಕ್ಯೂಟಿ (ಒಂದು ಬಡಿತದ ಕರೆಂಟ್ ಶುರುವಾಗಿ ಮುಗಿಯಲು ಹಿಡಿಯುವ ಸಮಯ) ಎಷ್ಟಿದೆ ಅಂತ ಅಳೆದು ಬರೆಯಲು ಹೇಳಿ. ಅದು ಸರಿಯಿದ್ದರೂ ಮಕ್ಕಳ ಹೃದಯ ತಜ್ಞರಿಗೆ ಒಮ್ಮೆ ತೋರಿಸಿ, ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕಡೆ ಇದನ್ನು ನೋಡುತ್ತಾರೆ. ನಿಮ್ಮ ಎರಡೂ ಕಡೆಯ ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ದಿಢೀರ್ ತೀರಿಕೊಂಡವರು, ನೀರಿನಲ್ಲಿ ಕಾರಣವಿಲ್ಲದೆ ಮುಳುಗಿದವರು, ಹುಟ್ಟು ಕಿವುಡರು ಯಾರಾದರೂ ಇದ್ದರಾ ಅಂತ ವಿಚಾರಿಸಿ ಬರೆದುಕೊಂಡು ಹೋಗಿ, ಡಾಕ್ಟರು ಕೇಳಿಯೇ ಕೇಳುತ್ತಾರೆ. ಅಲ್ಲಿಯವರೆಗೆ ಓಟ, ಈಜು ಎರಡೂ ಬೇಡ ಅಂತ ಶಾಲೆಗೆ ಚೀಟಿ ಬರೆದು ಕೊಡಿ.