ಫೋಟಾನು ಹಿಗ್ಗುವುದಿಲ್ಲ

ಆತ್ಮೀಯರೇ,

ರೇಡಿಯೋ ಅಲೆಗಳ ಮಾಡ್ಯುಲೇಷನ್ನನ್ನು, ಅಂದರೆ ಅಲೆಯ ಮೇಲೆ ದನಿಯನ್ನು ಏರಿಸುವ ಬಗೆಯನ್ನು, ಫೋಟಾನುಗಳ (ಬೆಳಕು, ರೇಡಿಯೋ ಮುಂತಾದ ಅಲೆಗಳ ಶಕ್ತಿಯ ಕಣಗಳ) ಮೂಲಕ ವಿವರಿಸುವ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ತಿಳಿಯಾಗಿದೆ, ವಿಷಯದ ಆಯ್ಕೆಯೂ ಚೆನ್ನಾಗಿದೆ. ಆದರೆ ಮೂರನೆಯ ಪುಟದ ಎರಡು ವಾಕ್ಯಗಳು ನನ್ನನ್ನು ಬಿಡದೆ ಕಾಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದು, ದನಿಗೆ ತಕ್ಕಂತೆ ಅಲೆಯ ಎತ್ತರವನ್ನು ಏರಿಳಿಸುವ ಎಎಂ ವಿಧಾನದ ಬಗ್ಗೆ: "ಎಎಂ ಪ್ರಸಾರದಲ್ಲಿ ಗಾಯಕಿಯ ದನಿ ಏರಿದಾಗ ಫೋಟಾನುಗಳು ಹಿಗ್ಗುತ್ತವೆ, ಇಳಿದಾಗ ಕುಗ್ಗುತ್ತವೆ." ಫೋಟಾನಿನ ಶಕ್ತಿಯನ್ನು ನಿರ್ಧರಿಸುವುದು ಅದರ ಕಂಪನಾಂಕ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಎಣಿಕೆ, ಒಂದೇ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯನ್ನೇ ತೆಗೆದುಕೊಳ್ಳಿ. ಅದರ ಕಂಪನಾಂಕವನ್ನು ಪ್ಲಾಂಕ್ ಸ್ಥಿರಾಂಕದಿಂದ (ಕಂಪನಾಂಕವನ್ನು ಶಕ್ತಿಗೆ ಜೋಡಿಸುವ ನಿಸರ್ಗದ ಸ್ಥಿರ ಸಂಖ್ಯೆಯಿಂದ) ಗುಣಿಸಿದರೆ ಒಂದು ಫೋಟಾನಿನ ಪಾಲಿಗೆ ಬರುವುದು, 4ನ್ನು 1ರ ಮುಂದೆ 28 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು ಜೂಲ್. ಪ್ರೇಷಕದ ಸಾಮರ್ಥ್ಯವನ್ನು 200 ಕಿಲೋವ್ಯಾಟ್ ಎಂದು ಹಿಡಿದರೆ, ಸೆಕೆಂಡಿಗೆ ಹೊರಡುವ ಫೋಟಾನುಗಳು ಸುಮಾರು 5ರ ಮುಂದೆ 32 ಸೊನ್ನೆ ಇಟ್ಟಷ್ಟಾಗುತ್ತವೆ. ದನಿ ಏರಿದಾಗ ಏರುವುದು ಅವುಗಳ ಸರಾಸರಿ ಎಣಿಕೆ. ಇನ್ನೂ ಕರಾರುವಾಕ್ಕಾಗಿ ಹೇಳುವುದಾದರೆ, 1 ಕಿಲೋಹರ್ಟ್ಸ್‌ನ ಸ್ವರವೊಂದನ್ನು ಈ ಅಲೆಯ ಮೇಲೇರಿಸಿದಾಗ 612ರ ಅಕ್ಕಪಕ್ಕದಲ್ಲಿ 611 ಮತ್ತು 613 ಕಿಲೋಹರ್ಟ್ಸ್ ಅಲೆಗಳು ಹುಟ್ಟುತ್ತವೆ. ಈ ಮೂರೂ ಕೂಡಿಕೊಳ್ಳುವ ಬಗೆಯಲ್ಲಿಯೇ ನಿಮ್ಮ ಏರಿಳಿತವಿದೆ.

ಮಾಸಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ ನಾನೂ, ಟಾರ್ಚಿನ ಸ್ವಿಚ್ಚು ಒತ್ತಿದೊಡನೆ ಎಲೆಕ್ಟ್ರಾನುಗಳು ಬೆಳಕಿನ ವೇಗದಲ್ಲಿ ಬಲ್ಬಿನತ್ತ ಧಾವಿಸುತ್ತವೆ ಎಂದು ಬರೆದಿದ್ದೆ. ಹಿರಿಯ ಸಂಪಾದಕರು ವಾಕ್ಯವನ್ನು ಹೊಡೆದುಹಾಕಲಿಲ್ಲ, ಅಂಚಿನಲ್ಲಿ ಕೆಂಪು ಶಾಯಿಯಿಂದ "ವೇಗ ಎಷ್ಟು? ಲೆಕ್ಕ ಹಾಕಿ ತನ್ನಿ" ಎಂದು ಬರೆದರು. ರಾತ್ರಿ ಕುಳಿತು ಲೆಕ್ಕ ಹಾಕಿದರೆ, ತಾಮ್ರದ ತಂತಿಯಲ್ಲಿ ಅವು ಸರಾಸರಿ ಸರಿಯುವುದು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ! ಆ ಹಾಳೆ ಈಗಲೂ ನನ್ನ ಬಳಿ ಇದೆ.

ಎರಡನೆಯ ವಾಕ್ಯ: "ಒಂದೊಂದು ಫೋಟಾನೂ ಹಾಡಿನ ಒಂದೊಂದು ಕ್ಷಣವನ್ನು ಹೊತ್ತು ನಮ್ಮ ಮನೆಗೆ ಬರುತ್ತದೆ." ಕೇಳಲು ಇಂಪಾಗಿದೆ, ಆದರೆ ನಿಸರ್ಗ ಇದಕ್ಕೆ ಒಪ್ಪುವುದಿಲ್ಲ. ಒಂದು ಫೋಟಾನು 612ರದೋ 613ರದೋ ಎಂದು ಬೇರ್ಪಡಿಸಿ ಹೇಳಬೇಕಾದರೆ ಅದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಕಾಲ ಹರಡಿಕೊಂಡಿರಬೇಕು. ಅಷ್ಟರಲ್ಲಿ ಬೆಳಕು 300 ಕಿಲೋಮೀಟರ್ ಸಾಗಿರುತ್ತದೆ. ಅಷ್ಟು ಉದ್ದಕ್ಕೆ ಚಾಚಿಕೊಂಡದ್ದನ್ನು ಟಪಾಲಿನ ಲಕೋಟೆಯಂತೆ ಕಲ್ಪಿಸಿದರೆ ಓದುಗರು ದಾರಿ ತಪ್ಪುತ್ತಾರೆ.

ಎಫ್‌ಎಂ ಭಾಗಕ್ಕೂ ಇದೇ ಲೆಕ್ಕವನ್ನು ಹಾಕಿ ನೋಡಿ; ಅಲ್ಲಿ ದನಿಗೆ ತಕ್ಕಂತೆ ಬದಲಾಗುವುದು ಅಲೆಯ ಕಂಪನಾಂಕ. 101.3 ಮೆಗಾಹರ್ಟ್ಸ್ ಅಲೆ 75 ಕಿಲೋಹರ್ಟ್ಸ್‌ನಷ್ಟು ಆಚೀಚೆ ಸರಿದಾಗ ಫೋಟಾನಿನ ಶಕ್ತಿಯಲ್ಲಿ ಆಗುವ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆ ಪುಟವನ್ನು ತಿದ್ದಿ ಬರೆದು, ಲೆಕ್ಕದ ಹಾಳೆಯನ್ನೂ ಜೊತೆಗಿಟ್ಟು ಕಳುಹಿಸಿ.

ಇತಿ,
ಸಂಪಾದಕ